ಒಂಬತ್ತು ನಿಮಿಷ

"ನೀವೇ ಮೊದಲು ಮಾತಾಡ್ಬೇಕು ಅಣ್ಣ. ಕಾರ್ಖಾನೇಲಿ ನಮ್ಮನೆಯವರನ್ನ ಓಟದಲ್ಲಿ ಸೋಲಿಸಿದವರು ಅಂದ್ರೆ ನೀವೊಬ್ರೇ" ಎಂದು ಕಟಿಂಗ್ ಮಾಸ್ಟರನ ಹೆಂಡತಿ ಸ್ಟೋರ್ ಕೀಪರನನ್ನು ಮುಂದಿನ ಸಾಲಿನಲ್ಲಿ ಕೂರಿಸಿದಳು.

ಮಾಸ್ಟರ್ ತೀರಿಕೊಂಡು ಮೂರು ವಾರವಾಗಿತ್ತು. ಅವನನ್ನು ನೆನೆಯಲೆಂದು ಸಿದ್ಧ ಉಡುಪಿನ ಕಾರ್ಖಾನೆಯವರೂ ಭಾನುವಾರದ ಓಟದ ಗುಂಪಿನವರೂ ಆ ಚಿಕ್ಕ ಕೋಣೆಯಲ್ಲಿ ಒತ್ತೊತ್ತಾಗಿ ಕೂತಿದ್ದರು. ಕಿಟಕಿಯ ಪಕ್ಕ ಅವನ ಮುದಿ ತಾಯಿ, ಕಿವಿ ಮಂದವಾದ್ದರಿಂದ, ಬಂದವರ ತುಟಿಗಳನ್ನೇ ನೋಡುತ್ತಿದ್ದಳು. ಸ್ಟೋರ್ ಕೀಪರ್ ನೀರು ಕುಡಿದು ಬರುತ್ತೇನೆಂದು ಎದ್ದು ಅಡುಗೆಮನೆಗೆ ಹೋದ.

ಮಾಸ್ಟರ್ ದಿನಕ್ಕೆ ಹತ್ತು ತಾಸು ಉದ್ದನೆಯ ಮೇಜಿನ ಮುಂದೆ ನಿಂತು, ಎಂಬತ್ತು ಪದರದ ಬಟ್ಟೆಯನ್ನು ಒಂದೇ ಗೆರೆಯಲ್ಲಿ ಕತ್ತರಿಸುತ್ತಿದ್ದವನು. ಅದಕ್ಕೂ ಮೊದಲು, ಬೆಳಕು ಹರಿಯುವ ಹೊತ್ತಿಗೆ, ಹದಿನೈದು ಕಿಲೋಮೀಟರ್ ಓಡಿ ಮುಗಿಸಿರುತ್ತಿದ್ದ. ನಿಮ್ಮ ಮಾವನ ಮನೆ ಎಲ್ಲಿ ಎಂದರೆ, "ಹನ್ನೊಂದು ಕಿಲೋಮೀಟರ್, ಕೊನೆಗೊಂದು ಏರು" ಅನ್ನುತ್ತಿದ್ದ. ಬಸ್ಸಿಗೆ ದುಡ್ಡು ಕೊಡಲಾಗದ ಜಿಪುಣ ಎಂದು ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ. ಸ್ಟೋರ್ ಕೀಪರನನ್ನು ಓಟಕ್ಕೆ ಎಳೆದವನೂ ಅವನೇ. "ನಿನ್ನ ಹೊಟ್ಟೆ ನಿನಗಿಂತ ಮೊದಲು ಬಾಗಿಲು ದಾಟ್ತಿದೆಯಲ್ಲೋ, ನಾಳೆಯಿಂದ ಬಾ" ಅಂದಿದ್ದ.

ಆರು ವರ್ಷದ ಹಿಂದೆ ಇಬ್ಬರೂ ಮ್ಯಾರಥಾನ್ ಓಡಿದ್ದರು. ಇಪ್ಪತ್ತೆಂಟನೆಯ ಕಿಲೋಮೀಟರಿಗೆ ಸ್ಟೋರ್ ಕೀಪರನ ಕಾಲು ಮರಗಟ್ಟಿದವು. ಮಾಸ್ಟರ್ ಯಾವಾಗಲೋ ಮುಂದೆ ಹೋಗಿದ್ದ. ಕೊನೆಯ ಗೆರೆಯ ಹತ್ತಿರ ಇಡೀ ಕಾರ್ಖಾನೆ ಕಾದು ನಿಂತಿದೆ ಎಂಬುದು ನೆನಪಾದಾಗ ಕಾಲಿಗಿಂತ ಮುಖ ಹೆಚ್ಚು ಉರಿಯಿತು. ಕೆರೆಯನ್ನು ಪೂರ್ತಿ ಸುತ್ತಬೇಕಿದ್ದಲ್ಲಿ ಅವನು ಗೋದಾಮುಗಳ ನಡುವಿನ ಓಣಿಗೆ ನುಗ್ಗಿದ. ಏಳೆಂಟು ಕಿಲೋಮೀಟರ್ ಓಡುವುದು ತಪ್ಪಿತು. ಎಷ್ಟು ದೂರ ತಪ್ಪಿಸಿದೆನೆಂಬ ಅಂದಾಜಿಲ್ಲದೆ, ಮಾಸ್ಟರನಿಗಿಂತ ಒಂಬತ್ತು ನಿಮಿಷ ಮೊದಲೇ ಗೆರೆ ದಾಟಿಬಿಟ್ಟ. ಹಿಂದೆ ಬಂದ ಮಾಸ್ಟರ್ ಏದುಸಿರಲ್ಲೇ ಅವನನ್ನು ತಬ್ಬಿಕೊಂಡು, "ಎಲ್ಲಿ ಬಚ್ಚಿಟ್ಟಿದ್ಯೋ ಇಷ್ಟು ಕಸುವನ್ನ?" ಎಂದ. ಆಮೇಲೆ ಸ್ಟೋರ್ ಕೀಪರ್ ಹಿಮ್ಮಡಿ ನೋವೆಂದು ನೆವ ಹೇಳಿ ಓಟವನ್ನೇ ಬಿಟ್ಟ.

ಅಡುಗೆಮನೆಯಲ್ಲಿ ಮಾಸ್ಟರನ ಹೆಂಡತಿ ಲೋಟಗಳನ್ನು ಒರೆಸುತ್ತಿದ್ದಳು.

"ನಿಮ್ಮ ಒಂಬತ್ತು ನಿಮಿಷ ಹಿಡೀಲೇಬೇಕು ಅಂತ ಎರಡು ವರ್ಷ ಮೈ ಮುರಿದ್ರು" ಎಂದಳು. "ಮಂಡಿ ಊದಿದ್ರೂ ಓಡಿದ್ರು. ಡಾಕ್ಟ್ರು ಬೇಡ ಅಂದ್ರೂ ಓಡಿದ್ರು. ಗುಡಾಣದ ಹೊಟ್ಟೆಯವನು ಓಡಿದಾನೆ, ನನ್ನ ಕೈಲಾಗಲ್ವಾ ಅನ್ನೋರು. ಬೇಜಾರಾಗ್ಬೇಡಿ, ಪ್ರೀತಿಯಿಂದಲೇ ಅಂತಿದ್ರು."

ಮಂಡಿ ವಯಸ್ಸಿನಿಂದ ಸವೆಯಿತೆಂದೇ ಸ್ಟೋರ್ ಕೀಪರ್ ನಂಬಿದ್ದ. ಕೊನೆಯ ನಾಲ್ಕು ವರ್ಷ ಮಾಸ್ಟರ್ ರಸ್ತೆಯ ತಿರುವಿನಲ್ಲಿ ನಿಂತು ಓಡುವವರಿಗೆ ನೀರು ಕೊಡುತ್ತಿದ್ದ. ಎಡಗಾಲನ್ನು ಕಂಬಕ್ಕೆ ಆನಿಸಿ ನಿಲ್ಲುತ್ತಿದ್ದ. ಸ್ಟೋರ್ ಕೀಪರ್ ಆ ದಾರಿಯಲ್ಲಿ ಬೈಕ್ ನಿಲ್ಲಿಸಿ ಹರಟಿದ್ದೂ ಉಂಟು.

"ನಾನು ಪೂರ್ತಿ ಓಡಿರ್ಲಿಲ್ಲಮ್ಮ" ಎಂದ. ಮಾತು ತನಗೇ ಕೇಳಿಸದಷ್ಟು ಸಣ್ಣಗಿತ್ತು. ಮತ್ತೆ ಹೇಳಿದ. "ಓಣಿಯಿಂದ ಬಂದೆ. ಕೆರೆ ಸುತ್ತಲಿಲ್ಲ."

ಅವಳ ಕೈ ನಿಂತಿತು. ಹಿಡಿದಿದ್ದ ಲೋಟವನ್ನು ಬೋರಲು ಹಾಕಿದಳು.

"ಅವರಾಗಿದ್ರೆ ನಕ್ಕು ಬಿಡ್ತಿದ್ರು" ಎಂದಳು. "ನಂಗೆ ಅಷ್ಟು ದೊಡ್ಡ ಮನಸ್ಸಿಲ್ಲ ಅಣ್ಣ. ನನ್ನೊಬ್ಬಳ ಹತ್ರ ಹೇಳಿ ಹಗುರಾಗ್ಬೇಡಿ. ಹೊರಗೆ ಹೋಗಿ ಹೇಳಿ."

ಅವನು ಹೊರಗೆ ಬಂದು ಎಲ್ಲರೆದುರು ನಿಂತ. ಹೊಗಳಿಕೆಯ ನಾಲ್ಕು ಮಾತು ಬಾಯಿಗೆ ತಾವಾಗಿಯೇ ಬಂದವು, ನುಂಗಿಕೊಂಡ. ಓಣಿ, ಗೋದಾಮು, ಕೊರಳಿಗೆ ಹಾಕಿಸಿಕೊಂಡ ಪದಕ, ಎಲ್ಲವನ್ನೂ ನೆಲ ನೋಡುತ್ತ ಹೇಳಿದ. ಹಿಂದೆ ಯಾರೋ ಕುರ್ಚಿ ಸರಿಸಿದರು. ಅಂದು ಗೆರೆಯ ಬಳಿ ಅವನ ಕೈ ಕುಲುಕಿದ್ದ ಮ್ಯಾನೇಜರ್ ಕನ್ನಡಕ ತೆಗೆದು ಒರೆಸತೊಡಗಿದರು. ಓಟದ ಗುಂಪಿನ ಹುಡುಗಿಯೊಬ್ಬಳು ಅವನನ್ನು ನೆಟ್ಟ ನೋಟದಿಂದ ನೋಡಿ ಆಚೆ ತಿರುಗಿದಳು. ಬೈದಿದ್ದರೆ ಚೆನ್ನಾಗಿತ್ತು. ಯಾರೂ ಬೈಯಲಿಲ್ಲ.

"ಏನಂದ ಇವನು?" ಎಂದು ಮುದುಕಿ ಜೋರಾಗಿ ಕೇಳಿದಳು.

ಸೊಸೆ ಬಾಗಿ ಕಿವಿಯಲ್ಲಿ ಹೇಳಿದಳು: "ಆ ವರ್ಷ ನಿಮ್ಮ ಮಗನೇ ಮುಂದಿದ್ರಂತೆ ಅತ್ತೆ."

ಮುದುಕಿ ಅವನನ್ನು ಸನ್ನೆಮಾಡಿ ಕರೆದಳು. ಅವನು ಹೋಗಿ ಅವಳ ಕಾಲ ಬಳಿ ಕುಕ್ಕರಗಾಲಲ್ಲಿ ಕೂತ.

"ಎಷ್ಟು ಮುಂದಿದ್ದ?"

ಅವನು ತಲೆಯೆತ್ತಿ, ತುಟಿ ಅವಳಿಗೆ ಕಾಣುವಂತೆ, ನಿಧಾನವಾಗಿ ಹೇಳಿದ: "ನನ್ನ ಕಣ್ಣಿಗೆ ಕಾಣಿಸದಷ್ಟು, ಅಮ್ಮ."

ಮುದುಕಿ ತಲೆಯಾಡಿಸಿದಳು. ಆಮೇಲೆ ಕಿಟಕಿಯ ಕಡೆ ತಿರುಗಿ, ಬಿಸಿಲಿಗೆ ಹಣೆಯ ಮೇಲೆ ಅಂಗೈ ಅಡ್ಡ ಹಿಡಿದು, ಬೀದಿಯ ತುದಿಯನ್ನು ನೋಡುತ್ತ ಕೂತಳು.