ತುರ್ತಿಗೆ ಮಾತ್ರ

ಫೋನ್ ಎತ್ತಿದ್ದು ಗಂಡಸು. ಮೇಡಮ್ಮನವರಿಗೆ ನಾಳೆ ಹತ್ತೂವರೆಗೆ ಮನೋವೈದ್ಯರ ಭೇಟಿ ಇದೆ, ಮರೆಯದೆ ಬರಬೇಕು ಎಂದು ರಿಸೆಪ್ಷನಿಸ್ಟ್ ಬೆಣ್ಣೆಯಂಥ ದನಿಯಲ್ಲಿ ಹೇಳಿದಳು. ಅವನು, ಎಷ್ಟು ಸಲ ಬಂದಿದ್ದಾಳೆ ಎಂದು ಕೇಳಿದ. ಇವಳು ಫೈಲು ತಿರುವಿ, ನಾಳೆ ಬಂದರೆ ಏಳನೆಯದು ಎಂದೂ ಹೇಳಿಬಿಟ್ಟಳು.

ಹನ್ನೊಂದು ವರ್ಷ ದುಡಿದ ಹೋಟೆಲಿನಲ್ಲಿ ಅವಳು ಕಲಿತ ಮೊದಲ ಪಾಠವೇ ಅದು. ನಾಳೆ ಬರುವವರಿಗೆ ಇವತ್ತೇ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಬೇಕು. ಒಂದು ನಂಬರು ಸಿಗದಿದ್ದರೆ ಇನ್ನೊಂದು. ಅಲ್ಲಿ ದಿನವಿಡೀ ನಿಂತೇ ಇರಬೇಕು, ಟವೆಲ್ಲು ಒದ್ದೆಯಿದ್ದರೂ ಲಿಫ್ಟು ಕೆಟ್ಟರೂ ಬೈಗುಳ ತಿನ್ನಬೇಕು. ಸಂಬಳ ಮಾತ್ರ ಸಾಮಾನು ಹೊರುವವನಿಗಿಂತ ಒಂದು ಚೂರು ಹೆಚ್ಚು, ಅವನಿಗಾದರೂ ಟಿಪ್ಸ್ ಇತ್ತು. ಈ ಕ್ಲಿನಿಕ್ಕಿನಲ್ಲಿ ಕೂರಲು ಕುರ್ಚಿ, ಭಾನುವಾರ ರಜೆ, ಸಂಬಳ ಒಂದೂವರೆ ಪಟ್ಟು. ಮೂರು ತಿಂಗಳು ನೋಡಿ ಕಾಯಂ ಮಾಡುತ್ತೇನೆ ಎಂದಿದ್ದರು ಡಾಕ್ಟರಮ್ಮ. ಸುಮ್ಮನೆ ಕೂತು ಸಂಬಳ ತೆಗೆದುಕೊಳ್ಳಲು ನಾಚಿಕೆಯಾಗಿ, ಯಾರೂ ಹೇಳದ ಕೆಲಸವನ್ನು ತಾನೇ ಮೈಮೇಲೆ ಎಳೆದುಕೊಂಡಿದ್ದಳು. ಮೊದಲ ನಂಬರು ಸಿಗದೆ ತಾನು ಒತ್ತಿದ ಎರಡನೇ ನಂಬರಿನ ಪಕ್ಕದಲ್ಲಿ, ಆ ಫೈಲಿನಲ್ಲಿ, ‘ತೀರಾ ತುರ್ತಿಗೆ ಮಾತ್ರ’ ಎಂದು ಬರೆದಿದ್ದು ಫೋನ್ ಇಟ್ಟ ಮೇಲೆ ಕಣ್ಣಿಗೆ ಬಿತ್ತು.

ಮಾರನೆಯ ದಿನ ಹತ್ತೂವರೆಗೆ ಬರಬೇಕಿದ್ದ ಆ ಟೀಚರಮ್ಮ ಬರಲಿಲ್ಲ. ಬರುವಾಗಲೆಲ್ಲ ಹತ್ತು ನಿಮಿಷ ಮೊದಲೇ ಬಂದು, ಮೂಲೆಯ ಕುರ್ಚಿಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಕೂರುತ್ತಿದ್ದವರು. ಮೊದಮೊದಲು ಪೆನ್ನು ಹಿಡಿದ ಕೈ ಗಡಗಡ ನಡುಗುತ್ತಿತ್ತು. ಹೋದ ಸಲ ಹೋಗುವಾಗ ಕೌಂಟರಿಗೆ ಬಗ್ಗಿ, ಏನೋ ಬಹುಮಾನ ಬಂದವರ ಹಾಗೆ, “ನಿನ್ನೆ ಚೆನ್ನಾಗಿ ನಿದ್ದೆ ಬಂತು ಕಣ್ರೀ” ಎಂದಿದ್ದರು.

ಅವರು ಯಾಕೆ ಬರಲಿಲ್ಲ ಎಂದು ಡಾಕ್ಟರಮ್ಮ ಕೇಳಿದಾಗ ಇವಳು ಗೊತ್ತಿಲ್ಲ ಎಂದಳು. ಮೂರು ತಿಂಗಳಿಗೆ ಇನ್ನು ಹನ್ನೆರಡೇ ದಿನ ಉಳಿದಿತ್ತು.

ನಾಲ್ಕನೇ ದಿನ ಟೀಚರಮ್ಮ ಗಂಡನ ಹಿಂದೆ ಒಳಗೆ ಬಂದರು. ಇಸ್ತ್ರಿ ಅಂಗಿಯ, ಮೆದು ಮಾತಿನ ಮನುಷ್ಯ. “ಫೋನ್ ಮಾಡಿದ್ದು ನೀವೇ ಅಲ್ವಾ? ಒಳ್ಳೇದು ಮಾಡಿದ್ರಿ. ಇಲ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ.” ಹೆಂಡತಿಗೆ ಏನೂ ಆಗಿಲ್ಲ, ಕೆಲಸವಿಲ್ಲದ ಯೋಚನೆ ಅಷ್ಟೆ, ಮಾತ್ರೆಯೆಲ್ಲ ಎಸೆದಾಯಿತು, ಇನ್ನು ಬರುವುದಿಲ್ಲ, ಫೈಲು ಕೊಟ್ಟುಬಿಡಿ ಎಂದ. ಟೀಚರಮ್ಮ ಒಂದು ಕೈಯಿಂದ ಇನ್ನೊಂದು ಕೈಯನ್ನು ಅದುಮಿ ಹಿಡಿದಿದ್ದರು. ಬೈದಿದ್ದರೆ ರಿಸೆಪ್ಷನಿಸ್ಟಿಗೆ ಇಷ್ಟು ಉರಿಯುತ್ತಿರಲಿಲ್ಲ. ಅವನು ಹೊಗಳಿದ್ದು ಕೆನ್ನೆಗೆ ಹೊಡೆದಂತಾಯಿತು.

“ಫೈಲ್ ಬೇಕಂದ್ರೆ ಪೇಷಂಟು ಒಬ್ರೇ ಒಳಗೆ ಹೋಗಿ ಡಾಕ್ಟ್ರ ಮುಂದೆ ಸಹಿ ಹಾಕ್ಬೇಕು ಸರ್. ರೂಲ್ಸು.”

ಅಂಥ ರೂಲ್ಸು ಯಾವುದೂ ಇರಲಿಲ್ಲ. ಅವನು ತಾನೂ ಹೋಗುತ್ತೇನೆಂದ. ಒಬ್ಬರೇ, ಎಂದು ಇವಳು ದನಿ ಏರಿಸದೆ ಇನ್ನೊಮ್ಮೆ ಹೇಳಿದಳು. ಕೌಂಟರ್ ದಾಟಿ ಬಂದು, ಬಾಗಿಲು ತೆರೆಯುತ್ತ ಟೀಚರಮ್ಮನ ಕಿವಿಯ ಹತ್ತಿರ ಪಿಸುಗುಟ್ಟಿದಳು: “ತಪ್ಪು ನಂದು. ನಾನೇ ಫೋನ್ ಮಾಡಿ ಹೇಳಿದ್ದು ಅಂತ ಡಾಕ್ಟ್ರಿಗೆ ಹೇಳ್ಬಿಡಿ. ಎಲ್ಲಾನೂ ಹೇಳಿ.” ಟೀಚರಮ್ಮ ಅವಳ ಮುಖ ನೋಡಿ ಒಳಗೆ ಹೋದರು. ಬಾಗಿಲು ಮುಚ್ಚಿತು.

ಹತ್ತು ನಿಮಿಷಕ್ಕೆ ಗಂಡ ಎದ್ದು ಬಂದ. ಒಂದು ಸಹಿಗೆ ಎಷ್ಟು ಹೊತ್ತು ಎಂದ. ಇವಳು ಡ್ರಾಯರಿನಿಂದ ಕೈಗೆ ಸಿಕ್ಕಿದ ಫಾರಂ ತೆಗೆದು, ಅಷ್ಟರಲ್ಲಿ ಇದನ್ನು ತುಂಬಿಕೊಡಿ ಎಂದು ಮುಂದಿಟ್ಟಳು. ಹೊಸ ಪೇಷಂಟುಗಳ ಫಾರಂ ಅದು. ಅವನು ಹೆಂಡತಿಯ ಹೆಸರು, ವಯಸ್ಸು, ವಿಳಾಸಗಳನ್ನು ಚಕಚಕನೆ ಬರೆದ. ಮುಂದಿನ ಸಾಲಿಗೆ ಪೆನ್ನು ನಿಂತಿತು.

“‘ತೊಂದರೆ ಏನು, ಯಾವಾಗಿನಿಂದ’ ಅಂತಿದೆ. ಇಲ್ಲಿ ಏನು ಬರೀಲಿ?”

“ನಿಮಗೆ ಗೊತ್ತಿರೋದನ್ನ ಬರೀರಿ ಸರ್.”

ಅವನು ಕಾಗದದ ಮೇಲೆ ಬಗ್ಗಿಯೇ ಇದ್ದ. ಮುಚ್ಚಿದ ಬಾಗಿಲಿನ ಆಚೆ ಟೀಚರಮ್ಮನ ದನಿ ಶುರುವಾಯಿತು. ಅದು ನಿಲ್ಲಲಿಲ್ಲ.