ಗಾಳಿಗಿಟ್ಟ ಹೆಸರು

ಮೊಮ್ಮಗಳು ಹುಟ್ಟಿ ವಾರ ತುಂಬುವಷ್ಟರಲ್ಲಿ ಟೈಲರಮ್ಮ ಮಗುವಿನ ಹೊದಿಕೆ, ಟೋಪಿ, ಅಂಗಿ, ಕೊನೆಗೆ ಬಾಯಿ ಒರೆಸುವ ಬಟ್ಟೆಯ ಮೇಲೂ ತನ್ನ ಹೆಸರನ್ನು ಕಸೂತಿ ಹಾಕಿ ಮುಗಿಸಿದ್ದಳು. ತನ್ನ ಹೆಸರು ಎಂದರೆ ಮಗುವಿನದೂ ಅದೇ ತಾನೇ? ಅವಳ ಅಜ್ಜಿಯ ಹೆಸರು ಅವಳಿಗೆ ಬಂದಿತ್ತು, ಅವಳದು ಮೊಮ್ಮಗಳಿಗೆ. ಇದರಲ್ಲಿ ಕೇಳುವುದೇನು, ಹೇಳುವುದೇನು.

ಹೆಸರಿನ ಮೇಲೆ ಅಷ್ಟು ಆಸೆ ಯಾಕೆ ಅಂದರೆ, ಅದನ್ನು ಕೂಗುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಅಪ್ಪ ಅಮ್ಮ ಎಂದೋ ಹೋದರು. ಗಂಡನೂ ಹೋದ. ಆ ಮನುಷ್ಯ ಕೆಳಗಿನ ಅಂಗಡಿಯಲ್ಲಿ ನಿಂತು ಹೆಸರು ಹಿಡಿದು ಕೂಗಿದರೆ ಅಕ್ಕಪಕ್ಕದ ಮನೆಗೆಲ್ಲ ಕೇಳುತ್ತಿತ್ತು, ಇವಳು ನಾಚಿ ಸಾಯುತ್ತಿದ್ದಳು. ಈಗ ಗಿರಾಕಿಗಳಿಗೆ ಟೈಲರಮ್ಮ, ಮಗನಿಗೆ ಅಮ್ಮ, ಸೊಸೆಗೆ ಅತ್ತೆ. ಆ ಹೆಸರನ್ನು ಮನೆಯೊಳಗೆ ಮತ್ತೆ ಯಾರಾದರೂ ಕೂಗಬೇಕು, ಒಂದು ಕೂಸು ಅದಕ್ಕೆ ತಿರುಗಿ ನೋಡಬೇಕು. ದೊಡ್ಡ ಆಸೆಯೇನಲ್ಲ, ಆದರೆ ಅವಳಿಗೆ ಇದ್ದದ್ದು ಅದೊಂದೇ.

ಬಾಣಂತಿ ಸೊಸೆ ಮಗುವಿನೊಂದಿಗೆ ಆಸ್ಪತ್ರೆಯಿಂದ ಮನೆಗೆ ಬಂದಳು. ಹೊದಿಕೆ ಬಿಡಿಸಿದಳು, ಹೆಸರು ನೋಡಿದಳು, ಮಗುಚಿ ಹೊದಿಸಿದಳು. ಹೆಸರು ಒಳಗಾಯಿತು. ಮರುದಿನವೂ ಹಾಗೇ. ಟೈಲರಮ್ಮ ಎರಡು ದಿನ ಹಲ್ಲು ಕಚ್ಚಿ ಸುಮ್ಮನಿದ್ದಳು. ಅವಳ ಪಾಲಿಗೆ ಅದೇ ಹೆಚ್ಚು.

"ಹೊದಿಕೆ ಉಲ್ಟಾ ಆಗಿದೆಯಲ್ಲಮ್ಮ," ಎಂದಳು ಮೂರನೆಯ ದಿನ.

"ದಾರ ಚುಚ್ಚುತ್ತೆ ಅತ್ತೆ, ಅದಕ್ಕೇ."

ದಾರ ಚುಚ್ಚುತ್ತಂತೆ! ಇಡೀ ಆಯಸ್ಸು ಹೊಲಿದು ಸವೆಸಿದ ಕೈ ಅದು. ಅವಳ ಹೊಲಿಗೆ ಚುಚ್ಚಿತು ಎಂದು ಮದುಮಗಳೊಬ್ಬಳೂ ಅಂದಿರಲಿಲ್ಲ. ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ನೇರ ಅಡುಗೆಮನೆಗೆ ನುಗ್ಗಿ ಮಗನನ್ನು ಹಿಡಿದಳು. ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೆಟ್ಟ ಎಂಜಿನ್ನಿಗೆ ಹೆದರುವವನಲ್ಲ, ಹೆಂಗಸರ ನಡುವೆ ಸಿಕ್ಕಿಬಿದ್ದರೆ ಮಾತ್ರ ಕೈಕಾಲು ಆಡುತ್ತಿರಲಿಲ್ಲ. ಅಮ್ಮನ ಎದುರು "ನಿನ್ನ ಹೆಸರೇ ಇಡೋಣ" ಎಂದಿದ್ದ. ಹೆಂಡತಿಯ ಎದುರು "ಅಮ್ಮನಿಗೆ ನಾನು ಹೇಳ್ತೀನಿ" ಎಂದಿದ್ದ. ಹೇಳಿರಲಿಲ್ಲ.

"ನನ್ನ ಹೆಸರು ಹಳೇದಾಯ್ತೇನೋ? ಹೇಳಿದ್ರೆ ಕೇಳ್ತಿದ್ದೆ. ಅದು ಬಿಟ್ಟು ದಾರ ಚುಚ್ಚುತ್ತೆ ಅಂತ ನನ್ನ ಕೆಲಸಕ್ಕೆ ಹೆಸರಿಡ್ತೀರಾ? ಮಾತಾಡೋ, ಬಾಯಿಗೆ ಬೀಗ ಹಾಕ್ಕೊಂಡಿದೀಯಾ?"

ಅವನು ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದ. ಉತ್ತರ ಬಾಗಿಲಿಂದ ಬಂತು. ಸೊಸೆ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು.

"ಅವರನ್ನ ಬೈಬೇಡಿ ಅತ್ತೆ. ನಾನೇ ಹೇಳ್ಬೇಕಿತ್ತು."

ಸೊಸೆ ಗಡಿಯಾಚೆಯ ದೇಶದವಳು, ಕಡಲ ದಂಡೆಯ ಊರು. ಮಾತು ಒಂದೇ, ಎಳೆಯುವ ರಾಗ ಮಾತ್ರ ಬೇರೆ. ಮದುವೆಯಾದ ಮರುವರ್ಷ ಆ ಊರಿಗೆ ಚಂಡಮಾರುತ ಬಡಿದಿತ್ತು. ಸೊಸೆಯ ತಂಗಿ ನೀರುಪಾಲಾದಳು, ಹೆಣವೂ ಸಿಗಲಿಲ್ಲ. ಇದೆಲ್ಲ ಟೈಲರಮ್ಮನಿಗೆ ಗೊತ್ತಿದ್ದದ್ದೇ. ಆಗ ಅವಳು ಬಂದ ಗಿರಾಕಿಗಳನ್ನೆಲ್ಲ ವಾಪಸ್ಸು ಕಳಿಸಿ, ಆ ಊರಿನವರಿಗಾಗಿ ಮೂಟೆಗಟ್ಟಲೆ ಬಟ್ಟೆ ಹೊಲಿದು ಮಗನ ಕೈಯಲ್ಲಿ ಕಳಿಸಿದ್ದಳು.

"ಆ ಚಂಡಮಾರುತಕ್ಕೆ ಒಂದು ಹೆಸರಿತ್ತು ಅತ್ತೆ."

"ಗಾಳಿಗೆ ಎಂಥ ಹೆಸರೇ?"

"ಇಡ್ತಾರೆ. ಒಂದೊಂದು ದೇಶದೋರು ಒಂದಷ್ಟು ಹೆಸರು ಕೊಟ್ಟಿರ್ತಾರೆ, ಸರದಿ ಬಂದ ಹಾಗೆ ಇಡ್ತಾ ಹೋಗ್ತಾರೆ." ಸೊಸೆ ಮಗುವಿನ ಬೆನ್ನು ಸವರಿದಳು. "ಆ ಸಲ ಬಂದದ್ದು ನಿಮ್ಮ ಹೆಸರು."

ಟೈಲರಮ್ಮ ಸ್ಟೂಲು ಎಳೆದುಕೊಂಡು ಕೂತಳು. ಇಲ್ಲಿ ಅದು ಒಂದು ದಿನದ ಸುದ್ದಿ, ದೊಡ್ಡ ಗಾಳಿ ಬಂತಂತೆ ಎಂದು ಜನ ಮರೆತಿದ್ದರು.

"ಕೊಟ್ಟವರು ಯಾವ ದೇಶದೋರು?"

"ನಮ್ಮೋರೇ ಅಮ್ಮ," ಎಂದ ಮಗ. "ಕೇಳೋಕೆ ಚೆನ್ನಾಗಿದೆ ಅಂತ ಕೊಟ್ಟಿರ್ತಾರೆ."

"ನಮ್ಮೂರಲ್ಲಿ ಯಾರೂ ಚಂಡಮಾರುತ ಅನ್ನಲ್ಲ, ಹೆಸರೇ ಹೇಳೋದು," ಎಂದಳು ಸೊಸೆ. "ಮನೆ ಅವಳು ತಗೊಂಡ್ಲು, ದೋಣಿ ಅವಳು ತಗೊಂಡ್ಲು ಅಂತಾರೆ. ನಮ್ಮಮ್ಮ ಈಗಲೂ ಆ ಹೆಸರು ಹಿಡಿದು ಶಪಿಸ್ತಾರೆ. ಬರೋ ವಾರ ಅವರು ಬರ್ತಾರೆ. ಮಗುನ ಎತ್ಕೊಂಡು ಏನಂತ ಕರೀಲಿ ಅತ್ತೆ ಅವರು?"

ಟೈಲರಮ್ಮನಿಗೆ ಆ ಕ್ಷಣ ಬೇರೇನೋ ಹೊಳೆಯಿತು. ತಾನು ಹೊಲಿದ ಪ್ರತಿ ಬಟ್ಟೆಯ ಕತ್ತಿನೊಳಗೂ ತನ್ನ ಹೆಸರಿನ ಒಂದು ಪಟ್ಟಿ ಹೊಲಿಯುವುದು ಅವಳ ಕ್ರಮ. ಆ ಮೂಟೆಯ ಬಟ್ಟೆಗಳಿಗೂ ಹೊಲಿದಿದ್ದಳು, ಸ್ವಲ್ಪ ದೊಡ್ಡದಾಗಿಯೇ.

"ಅವತ್ತು ಕಳಿಸಿದ ಬಟ್ಟೆ..." ಎಂದಳು.

"ಕತ್ತರಿಸಿದೆ ಅಮ್ಮ," ಎಂದ ಮಗ ಲೋಟ ಕೆಳಗಿಟ್ಟು. "ಡಿಪೋದಲ್ಲಿ ಕೂತು, ಪಟ್ಟಿ ಎಲ್ಲ ಕತ್ತರಿಸಿ ಕಳಿಸಿದೆ."

"ಎಲ್ಲದರದ್ದೂ?"

"ಎಲ್ಲದರದ್ದೂ."

ಎಷ್ಟು ಕಾಲ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ ಇವನು! ಟೈಲರಮ್ಮನಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಅವಳನ್ನು ಒಂದು ಮಾತು ಕೇಳದೆ ಅವಳ ಹೆಸರನ್ನು ಎತ್ತಿ ಗಾಳಿಗೆ ಕೊಟ್ಟವರನ್ನು ಯಾವ ಬಾಗಿಲಿಗೆ ಹೋಗಿ ಬೈಯುವುದು? ಸೊಸೆಯ ಮೇಲೆ ಸಿಟ್ಟು ಮಾಡಲು ನೋಡಿದಳು, ಆಗಲಿಲ್ಲ. ಅಂದು ಮಧ್ಯಾಹ್ನವೇ ಕೂತು ಕಸೂತಿಯನ್ನೆಲ್ಲ ಬಿಚ್ಚಿದಳು. ದಾರ ಹೋದರೂ ಸೂಜಿಯ ತೂತು ಬಟ್ಟೆಯಲ್ಲಿ ಉಳಿಯಿತು, ಇಸ್ತ್ರಿ ಹಾಕಿದರೂ ಹೋಗಲಿಲ್ಲ.

ಮಗ ಸೊಸೆ ಬೇರೆ ಹೆಸರು ಹುಡುಕಿದರು. ಎರಡೂ ದೇಶದಲ್ಲಿ ಯಾರಿಗೂ ಒಳ್ಳೆಯದನ್ನೂ ಮಾಡದ, ಕೆಟ್ಟದ್ದನ್ನೂ ಮಾಡದ ಒಂದು ಪುಟ್ಟ ಹೆಸರು. ಟೈಲರಮ್ಮ ಅದನ್ನು ಹೇಳಿ ನೋಡಿದಳು, ಚೆನ್ನಾಗಿದೆ ಎಂದಳು, ಮತ್ತೆ ಒಂದು ಗಳಿಗೆಗೆ ಮರೆತು ಸೊಸೆಯನ್ನೇ ಕೇಳಿದಳು.

ಬೀಗಿತ್ತಿ ಬಂದರು. ತೆಳ್ಳಗೆ, ಕಡಿಮೆ ಮಾತಿನ ಹೆಂಗಸು. ಬಂದವರೇ ಕೈಕಾಲು ತೊಳೆದು ಮಗುವನ್ನು ತೊಡೆಗೆ ಹಾಕಿಕೊಂಡು ಕಿಟಕಿಯ ಬಳಿ ಕೂತವರು ಏಳಲೇ ಇಲ್ಲ. ಟೈಲರಮ್ಮ ಎದುರಿಗೆ ಕೂತು ಅಂಗಿಯೊಂದರ ಅಂಚು ಹೊಲಿಯುತ್ತಿದ್ದಳು. ಇಬ್ಬರೂ ಮಗುವಿನ ಮೂಗು ಯಾರದು ಎಂದು ಮಾತಾಡುತ್ತಿದ್ದಾಗ ಕೆಳಗಿನ ಬೀದಿಯಿಂದ ಯಾರೋ ಆ ಹೆಸರನ್ನು ಕೂಗಿದರು.

ಗುಂಡಿ ಅಂಗಡಿಯ ಮುದುಕಿ. ಟೈಲರಮ್ಮ ಲಂಗ ಹಾಕುತ್ತಿದ್ದ ಕಾಲದಿಂದ ಕಂಡವಳು, ಅವಳ ಬಾಯಿಗೆ ಬರುವುದು ಅದೊಂದೇ ಹೆಸರು.

ಬೀಗಿತ್ತಿಯ ಕೈ ಮಗುವಿನ ಸುತ್ತ ಬಿಗಿಯಿತು. ಮಗು ಅತ್ತಿತು. ಟೈಲರಮ್ಮ ತಲೆ ಎತ್ತಲಿಲ್ಲ. ಮುದುಕಿ ಮತ್ತೆ ಕೂಗಿದಳು.

"ಪಕ್ಕದ ಮನೆಯವರನ್ನ ಕರೀತಿದ್ದಾರೆ," ಎಂದಳು ಟೈಲರಮ್ಮ.

ಬೀಗಿತ್ತಿ ಮಗುವನ್ನು ತಟ್ಟಿ ಸಮಾಧಾನ ಮಾಡಿದರು. "ಮದುವೆಯಲ್ಲೇ ಕೇಳಿದ್ದೆ ನಿಮ್ಮ ಹೆಸರು," ಎಂದರು ಆಮೇಲೆ. "ಆಗ ಅದು ಬರೀ ನಿಮ್ಮ ಹೆಸರಾಗಿತ್ತು. ನಿಮ್ಮದೇನು ತಪ್ಪಿದೆ? ನನಗಿಂತ ಚಿಕ್ಕೋರು ನೀವು, ನಾನೇ ಹೆಸರು ಹಿಡಿದು ಕರೀಬೇಕು."

ಅವರು ಬಾಯಿ ತೆರೆದರು. ಮೊದಲ ಅಕ್ಷರ ಬಂತು. ಮುಂದಿನದು ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು.

"ಆಗ್ತಿಲ್ಲ," ಎಂದರು.

"ಬೇಡ ಬಿಡಿ ಬೀಗರೇ, ಬಿಟ್ಟುಬಿಡಿ." ಟೈಲರಮ್ಮ ಸೂಜಿ ಚುಚ್ಚಿಟ್ಟು ದಡದಡ ಮೆಟ್ಟಿಲಿಳಿದು ಬೀದಿಗೆ ಬಂದಳು. ಮುದುಕಿ ಮೂರನೆಯ ಸಲಕ್ಕೆ ಬಾಯಿ ತೆರೆದಿದ್ದಳು.

"ಅಕ್ಕ, ಇನ್ಮೇಲೆ ನೀನೂ ಟೈಲರಮ್ಮ ಅಂತಲೇ ಕರಿ."

"ಯಾಕೇ, ನಿನ್ನ ಹೆಸರಿಗೇನು ಬಂತು?"

ಟೈಲರಮ್ಮ ಏನೋ ಹೇಳಲು ಹೋದಳು. ಬದಲಿಗೆ ಅಳು ಬಂತು. ಹಗಲು ಹೊತ್ತಿನಲ್ಲಿ, ಗಿರಾಕಿಗಳೆಲ್ಲ ನೋಡುತ್ತಿದ್ದ ಹಾಗೆ, ಬೀದಿಯಲ್ಲಿ ನಿಂತು ಅತ್ತಳು.