ಬುದ್ಧಿ ಅಳೆದ ಪೆಟ್ಟಿಗೆ

ನಾನು ಒಂದು ಪೆಟ್ಟಿಗೆ, ಮಕ್ಕಳ ಬುದ್ಧಿ ಅಳೆಯುವ ಪೆಟ್ಟಿಗೆ. ಹುಟ್ಟಿದ್ದು ಮೈಸೂರಿನ ಬಡಗಿಯೊಬ್ಬನ ಅಂಗಡಿಯಲ್ಲಿ. ನನ್ನ ಹೊಟ್ಟೆಯ ತುಂಬ ದಾಳದಂತಹ ಮರದ ತುಂಡುಗಳು. ಕೆಲವು ಮುಖ ಕೆಂಪು, ಕೆಲವು ಬಿಳಿ, ಕೆಲವು ಅರ್ಧರ್ಧ. ರಟ್ಟಿನ ಮೇಲೊಂದು ಚಿತ್ರ ತೋರಿಸಿದರೆ ಮಗು ಅದನ್ನೇ ತುಂಡುಗಳಲ್ಲಿ ಜೋಡಿಸಬೇಕು. ಪಕ್ಕದಲ್ಲಿ ಗಡಿಯಾರ ಓಡುತ್ತಿರುತ್ತದೆ. ಬಣ್ಣ ಬಳಿದವನು ನನ್ನನ್ನು ಆಟದ ಸಾಮಾನೆಂದೇ ತಿಳಿದಿದ್ದ. ನಾನೂ ಹಾಗೆಯೇ ತಿಳಿದಿದ್ದೆ.

ನನ್ನನ್ನು ಕೊಂಡವರು ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ನಾಗಲಾಂಬಿಕೆ. ಕಾಡಂಚಿನ ಬುಡಕಟ್ಟು ಹಾಡಿಗಳ ಮಕ್ಕಳು ಯಾರಿಗೂ ಕಡಿಮೆಯಿಲ್ಲ ಎಂದು ತೋರಿಸಬೇಕು, ಆಗ ಅವರಿಗೂ ಒಳ್ಳೆಯ ಶಾಲೆ ಬಂದೀತು ಎಂಬುದು ಆಕೆಯ ಆಸೆ. ಮೊದಲು ಪೇಟೆಯ ಶಾಲೆಯೊಂದರ ಮಕ್ಕಳನ್ನು ನನ್ನಿಂದ ಅಳೆದರು. ಆಮೇಲೆ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿ, ಹೆಗ್ಗಡದೇವನಕೋಟೆಯಾಚೆಯ ಆಶ್ರಮಶಾಲೆಗೆ ಹೋದರು.

ಜೇನುಕುರುಬರ ಮಕ್ಕಳು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತರು. ಬಹಳ ಮಂದಿ ಮುಟ್ಟಲಿಲ್ಲ. ಮುಟ್ಟಿದರೆ ಬೈಸಿಕೊಳ್ಳುತ್ತೇವೆಂಬ ಭಯ. ಒಬ್ಬನಿಗೆ ತೋಚದಿದ್ದಾಗ ಪಕ್ಕದವಳ ಕೈ ತಾನಾಗಿ ಮುಂದೆ ಬರುತ್ತಿತ್ತು.

“ಒಬ್ಬೊಬ್ಬರೇ ಮಾಡಬೇಕಮ್ಮಾ,” ಎಂದು ನಾಗಲಾಂಬಿಕೆ ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. ಯಾಕೆಂದು ಆ ಮಕ್ಕಳಿಗೆ ಅರ್ಥವಾಗಲಿಲ್ಲ.

ಬೊಮ್ಮಿ ಎಂಬ ಹುಡುಗಿ ಮಾತ್ರ ಹೆದರಲಿಲ್ಲ. ಪೇಟೆಯ ಮಕ್ಕಳು ಕೈಚೆಲ್ಲಿದ್ದ ಕೊನೆಯ ಚಿತ್ರವನ್ನೂ ಸರಸರನೆ ಜೋಡಿಸಿ ತಲೆಯೆತ್ತಿದಳು. “ಇನ್ನೂ ಅವಾ ಮೇಡಮ್ಮೋರೆ?”

ನಾಗಲಾಂಬಿಕೆ ಅವಳ ಕೆನ್ನೆ ಸವರಿದರು. ನನ್ನ ಬಾಳಿನ ಸುಖದ ಗಳಿಗೆ ಅದೊಂದೇ.

ಎಲ್ಲರ ಅಂಕ ಕೂಡಿ ಭಾಗಿಸಿದಾಗ ಹಾಡಿಯ ಮಕ್ಕಳ ಸರಾಸರಿ ಪೇಟೆಯವರದಕ್ಕಿಂತ ಬಹಳ ಕೆಳಗಿತ್ತು. ಕಾಲೇಜಿನ ವಿಚಾರಗೋಷ್ಠಿಯಲ್ಲಿ ನನ್ನನ್ನು ಮೇಜಿನ ಮೇಲಿಟ್ಟರು. ಹಸಿವು, ಭಾಷೆ, ಅಪರಿಚಿತರ ಭಯ, ಇವೆಲ್ಲ ಸೇರಿ ಬಂದ ಅಂಕವಿದು, ಇದು ಹುಟ್ಟುಬುದ್ಧಿಯ ಅಳತೆಯಲ್ಲ ಎಂದರು ನಾಗಲಾಂಬಿಕೆ. ಹಿರಿಯ ಪ್ರಾಧ್ಯಾಪಕ ವೆಂಕಟಾದ್ರಿ ಎದ್ದು ನಿಂತರು.

“ಕಾರಣ ನೀವು ಊಹಿಸ್ತಿದೀರಿ. ಅಂಕಿ ಮಾತ್ರ ಕಣ್ಣೆದುರಿಗಿದೆ. ರಕ್ತದಲ್ಲೇ ಇರಬಹುದಲ್ಲ?”

“ಹಾಗನ್ನೋದೂ ಊಹೆನೇ ಅಲ್ವಾ ಸರ್?”

ವಾದ ಸಂಜೆವರೆಗೆ ನಡೆಯಿತು. ಬೊಮ್ಮಿಯ ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ, ನಾಗಲಾಂಬಿಕೆಯವರ ಬಾಯಲ್ಲೂ. ಮರುದಿನ ಪತ್ರಿಕೆಯೊಂದು ಕಾರಣಗಳನ್ನೆಲ್ಲ ಬಿಟ್ಟು ಸರಾಸರಿಯನ್ನಷ್ಟೇ ಅಚ್ಚು ಹಾಕಿತು.

ಮುಂದಿನ ವರ್ಷ ನಾವು ಮತ್ತೆ ಆ ಶಾಲೆಗೆ ಹೋದಾಗ ಗಣಿತದ ಪಾಠ ನಿಂತಿತ್ತು. ದೊಡ್ಡ ಹುಡುಗಿಯರು ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದರು.

“ನೀವೇ ಅಳೆದು ಹೇಳಿದ್ರಲ್ಲ ಮೇಡಂ, ಪೇಪರಲ್ಲಿ ಬಂದಿತ್ತು,” ಎಂದರು ಹೆಡ್‌ಮಾಸ್ಟರು, ಗೌರವದಿಂದಲೇ. “ತಲೆಗೆ ಹತ್ತದ್ದನ್ನ ತುಂಬಿ ಯಾಕೆ ಹಿಂಸೆ ಕೊಡೋದು? ಆ ಬೊಮ್ಮಿ ಸ್ಕೂಲ್ ಬಿಟ್ಟು ಹೋದ್ಲು. ಕೊಡಗಿನ ತೋಟಕ್ಕಂತೆ.”

ನಾಗಲಾಂಬಿಕೆ ಇಲಾಖೆಗೆ ಅಲೆದರು, ಪತ್ರಿಕೆಗೆ ಬರೆದರು. ಯಾವುದೂ ನಡೆಯಲಿಲ್ಲ. ಕೆಲವು ವರ್ಷಗಳ ಮೇಲೆ, ಹುಡುಕಿ ಹುಡುಕಿ, ಕಾಫಿ ತೋಟದ ಕೂಲಿಲೈನಿನ ಸಾಲುಮನೆಯೊಂದರಲ್ಲಿ ಬೊಮ್ಮಿಯನ್ನು ಕಂಡರು. ಅವಳ ಸೊಂಟದಲ್ಲೊಂದು ಕೂಸು. ಜಗಲಿಯ ಮೇಲೆ ನನ್ನ ಮುಚ್ಚಳ ತೆರೆದು, “ನೆನಪಿದೆಯಾ? ಎಲ್ಲರಿಗಿಂತ ಚೆನ್ನಾಗಿ ಮಾಡಿದವಳು ನೀನು,” ಎಂದರು.

ಬೊಮ್ಮಿ ಹಿಂದೆ ಸರಿದಳು. “ಬ್ಯಾಡಿ ಮೇಡಮ್ಮೋರೆ. ನಂಗೆ ಬರಕಿಲ್ಲ. ನಮ್ಮ ಜನುಕ್ಕೆ ಅಷ್ಟು ಬುದ್ಧಿ ಇಲ್ವಂತೆ, ಮೇಷ್ಟ್ರು ಹೇಳವ್ರೆ.”

ಕೂಸು ಕೆಂಪು ತುಂಡೊಂದಕ್ಕೆ ಕೈಚಾಚಿತು. ಬೊಮ್ಮಿ ಆ ಕೈಯನ್ನು ಹಿಂದಕ್ಕೆಳೆದುಕೊಂಡಳು.

“ಮುಟ್ಬಾರ್ದು ಕಂದ. ಅದು ನಮ್ದಲ್ಲ.”

ವಾಪಸು ಬರುವಾಗ ನಾಗಲಾಂಬಿಕೆ ನನ್ನನ್ನು ಸೀಟಿನ ಕೆಳಗೆ ತಳ್ಳಿದರು. ಕಾಲೇಜಿನ ಉಗ್ರಾಣದಲ್ಲಿ ನನ್ನನ್ನಿಟ್ಟು ಹೋದವರು ಮತ್ತೆ ಈ ಕಡೆ ಬರಲಿಲ್ಲ.

ಈಗ ನನ್ನ ಬಣ್ಣ ಚಕ್ಕೆಯೆದ್ದಿದೆ, ಮೂಲೆಗೆ ಗೆದ್ದಲು ಹತ್ತಿದೆ. ಗೋಡೆಯಾಚೆಯ ಸಭಾಂಗಣದಲ್ಲಿ ಅದೇ ಸರಾಸರಿಯ ಚರ್ಚೆ ಇಂದಿಗೂ ನಡೆಯುತ್ತದೆ. ಎರಡೂ ಕಡೆಯವರು ಚೆನ್ನಾಗಿಯೇ ಮಾತನಾಡುತ್ತಾರೆ. ಮಾತು ಮುಗಿದು ಚಪ್ಪಾಳೆ ಬಿದ್ದಾಗಲೆಲ್ಲ ಯಾರಾದರೂ ಬಂದು ನನ್ನನ್ನು ಮತ್ತೊಂದು ಹಾಡಿಯ ಮಕ್ಕಳ ಮುಂದಿಡಲು ಹೊತ್ತೊಯ್ಯುತ್ತಾರೇನೋ ಎಂದು ಹೆದರುತ್ತೇನೆ. ಗೆದ್ದಲು ತನ್ನ ಕೆಲಸ ಬೇಗ ಮುಗಿಸಲಿ.